ಬೇಡ ಅನ್ನೋದನ್ನು ಕಲಿಸುವ ಕೆಲಸ

(ಮೈಸೂರಿನಲ್ಲಿ ಮನಃಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳ ಎದುರು ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಕ್ಕಳ ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಪರಿಚಯ ಮಾಡಿಕೊಡುವಾಗ ನಿಮ್ಮ ಮೇಡಮ್ 'ಮಕ್ಕಳ ಮನಸ್ಸನ್ನು ಓದುವವರು' ಅಂದರು. ಕೇಳೋಕೆ ಚೆನ್ನಾಗಿತ್ತು. ಆದರೆ ನನಗೆ ಯಾರ ಮನಸ್ಸೂ ಓದೋಕೆ ಬರುವುದಿಲ್ಲ. ನಾನು ಎಣಿಸುತ್ತೇನೆ, ಅಷ್ಟೇ.

ನನ್ನ ಬೆರಳಲ್ಲಿರುವ ಇದನ್ನು ನೋಡಿ. ಜಪ ಮಾಡುವವರು ಉಂಗುರದ ಥರ ಹಾಕಿಕೊಂಡು ಗುಂಡಿ ಒತ್ತುತ್ತಿರುತ್ತಾರಲ್ಲ, ಅದೇ ಕೌಂಟರ್. ನಮ್ಮ ಬೀದಿಯ ದೇವಸ್ಥಾನದ ಎದುರಿನ ಅಂಗಡಿಯಲ್ಲಿ ತಗೊಂಡೆ. ಅಂಗಡಿಯವರು ರಾಮಕೋಟಿಯಾ ಅಂತ ಕೇಳಿದರು. ಹೂಂ ಅಂದೆ. ಒಂದು ಮಗು ಒಂದು ಊಟದ ಹೊತ್ತಲ್ಲಿ ಎಷ್ಟು ಸಲ ಹಣೆ ಚಚ್ಚಿಕೊಳ್ಳುತ್ತದೆ ಅಂತ ಎಣಿಸೋಕೆ ಅಂತ ಹೇಳಿದ್ದರೆ ಅವರಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ನನ್ನ ಕೆಲಸದ ಹೆಸರು ಬಿಹೇವಿಯರ್ ಅನಾಲಿಸ್ಟ್. ಕನ್ನಡದಲ್ಲಿ ವರ್ತನಾ ವಿಶ್ಲೇಷಕಿ. ಮನೆಗಳಲ್ಲಿ ನನ್ನನ್ನು 'ಥೆರಪಿ ಮೇಡಮ್' ಅಂತಾರೆ. ಇಲಿ, ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞ ಸ್ಕಿನ್ನರ್ ಬಗ್ಗೆ ನೀವು ಪರೀಕ್ಷೆಗೆ ಓದಿರುತ್ತೀರಿ, ಐದು ಅಂಕ. ಆ ಪೆಟ್ಟಿಗೆಯಿಂದ ಹೊರಗೆ ತಂದದ್ದು ಒಂದು ಸಣ್ಣ ತಿಳಿವಳಿಕೆ. ನಾವು ಏನೋ ಮಾಡಿದ ಬೆನ್ನಿಗೇ ಏನು ಸಿಗುತ್ತದೋ, ಅದನ್ನು ನೋಡಿಕೊಂಡು ಆ ಕೆಲಸ ಮುಂದೆ ಜಾಸ್ತಿ ಆಗುತ್ತದೆ ಇಲ್ಲವೇ ಕಡಿಮೆ ಆಗುತ್ತದೆ. ಇದೇನು ಹೊಸದು ಅಂತ ಅನ್ನಿಸಬಹುದು. ನನಗೂ ಅನ್ನಿಸಿತ್ತು, ಡಿಕ್ಕಿ ಅನ್ನೋ ಹುಡುಗನ ಕಥೆ ಓದುವ ತನಕ.

ಡಿಕ್ಕಿಗೆ ಮೂರೂವರೆ ವರ್ಷ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಆಸ್ಪತ್ರೆಯೊಂದರಲ್ಲಿದ್ದ. ಕಣ್ಣಿನ ಪೊರೆ ತೆಗೆಯುವಾಗ ಮಸೂರವೂ ಹೋಗಿತ್ತು. ಕನ್ನಡಕ ಹಾಕದಿದ್ದರೆ ದೃಷ್ಟಿಯೇ ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಆದರೆ ಕನ್ನಡಕ ಹತ್ತಿರ ತಂದರೆ ಸಾಕು, ಹುಡುಗ ಕಿತ್ತು ಬಿಸಾಡುತ್ತಿದ್ದ. ವುಲ್ಫ್, ರಿಸ್ಲಿ, ಮೀಸ್ ಅನ್ನುವ ಮೂವರು ಗಾಜೇ ಇಲ್ಲದ ಖಾಲಿ ಫ್ರೇಮುಗಳನ್ನು ಕೋಣೆಯಲ್ಲಿ ಅಲ್ಲಲ್ಲಿ ಇಟ್ಟರು. ಮುಟ್ಟಿದರೆ ತಿನ್ನೋಕೆ ಏನಾದರೂ. ಎತ್ತಿಕೊಂಡರೆ ಇನ್ನೊಂದು. ಮುಖದ ಹತ್ತಿರ ತಂದರೆ ಮತ್ತೊಂದು. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿಸಿದರು. ಆಸ್ಪತ್ರೆ ಬಿಟ್ಟು ಮನೆಗೆ ಹೋಗುವಾಗ ಅವನು ದಿನಕ್ಕೆ ಸುಮಾರು 12 ಗಂಟೆ ಕನ್ನಡಕ ಹಾಕುತ್ತಿದ್ದ. ಇದು ಅಚ್ಚಾದದ್ದು 1964ರಲ್ಲಿ. ನಾಲ್ಕು ವರ್ಷಕ್ಕೆ, 1968ರಲ್ಲಿ, ಈ ವಿದ್ಯೆಗೇ ಅಂತ ಒಂದು ನಿಯತಕಾಲಿಕ ಶುರುವಾಯಿತು. ಒಂದು ಮಗುವಿನ ಕಣ್ಣು ಉಳಿಯಿತು, ಬೈಗುಳ ಇಲ್ಲ, ಹೊಡೆತ ಇಲ್ಲ. ನಾನು ಈ ಕಡೆ ವಾಲಿದ್ದು ಆ ಖಾಲಿ ಫ್ರೇಮಿನಿಂದ.

ಈಗ ನನ್ನ ಹುಡುಗನ ಕಥೆಗೆ ಬರೋಣ.

ಅವನಿಗೆ ಆಗ ಆರು ವರ್ಷ. ಆಟಿಸಂ ಇತ್ತು, ಮಾತು ಬಂದಿರಲಿಲ್ಲ. ಮನೆ ಬೆಂಗಳೂರಿನಲ್ಲಿ, ಅಜ್ಜಿ ತಿಪಟೂರಿನ ಕಡೆಯವರು. ಊಟದ ತಟ್ಟೆ ಮುಂದಿಟ್ಟರೆ ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ಹಣೆಯ ಮಧ್ಯೆ ನಿಂಬೆಹಣ್ಣಿನ ಗಾತ್ರದ ಬುಗುಟೆ, ಅದರ ಮೇಲೆ ಅರಿಶಿನ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಅಪ್ಪನ ಪ್ರಕಾರ ಹಟ. ಅಮ್ಮನ ಪ್ರಕಾರ ಹೊಟ್ಟೆನೋವು. ಅಜ್ಜಿಯ ಪ್ರಕಾರ ದೃಷ್ಟಿ. ದಿನಾ ಸಂಜೆ ಉಪ್ಪು, ಮೆಣಸಿನಕಾಯಿ ನೀವಾಳಿಸುತ್ತಿದ್ದರು.

ನಾನು ಮೊದಲು ಅಮ್ಮನ ಮಾತು ಹಿಡಿದೆ. ಡಾಕ್ಟರಿಗೆ ತೋರಿಸಿ ಬನ್ನಿ ಅಂದೆ. ಇದನ್ನು ಬರೆದಿಟ್ಟುಕೊಳ್ಳಿ. ಹಲ್ಲುನೋವಿನಿಂದ ಒದ್ದಾಡುವ ಮಗುವಿನ ಮುಂದೆ ಚಾರ್ಟು ಹಿಡಿದು ಕೂತವರು ನಮ್ಮಲ್ಲಿ ಇದ್ದಾರೆ. ಡಾಕ್ಟರು ಏನೂ ತೊಂದರೆ ಇಲ್ಲ ಅಂದ ಮೇಲೆ ನಾನು ಅಡುಗೆಮನೆ ಬಾಗಿಲ ಪಕ್ಕ ಕೂತು ಎಣಿಸೋಕೆ ಶುರು ಮಾಡಿದೆ. ಮೊದಲ ದಿನ ಒಂದೇ ಊಟಕ್ಕೆ 23 ಸಲ.

ನಮ್ಮ ಹಾಳೆಯಲ್ಲಿ ಮೂರು ಕಾಲಂ ಇರುತ್ತದೆ. ಮೊದಲು ಏನಾಯ್ತು, ಮಗು ಏನು ಮಾಡಿತು, ಆಮೇಲೆ ಏನಾಯ್ತು. ಐದು ದಿನ, ಹತ್ತು ಊಟ ಬರೆದೆ. ಬಾಳೆಹಣ್ಣು ಇಟ್ಟಾಗ ಚಚ್ಚಿಕೊಳ್ಳಲಿಲ್ಲ. ಚಪಾತಿಗೂ ಇಲ್ಲ. ಸಾರು ಅನ್ನ ಕಲಸಿ ಇಟ್ಟಾಗ, ಅದರಲ್ಲೂ ಒಗ್ಗರಣೆಯ ಸಾಸಿವೆ, ಕರಿಬೇವು ಬಾಯಿಗೆ ಸಿಕ್ಕಾಗ, ಎದ್ದು ಗೋಡೆಗೆ ಓಡುತ್ತಿದ್ದ. ಮೂರನೇ ಕಾಲಂ ಓದಿದಾಗ ವಿಷಯ ಗೊತ್ತಾಯಿತು. ಹತ್ತರಲ್ಲಿ ಯಾವ ಊಟದಲ್ಲಿ ಚಚ್ಚಿಕೊಂಡರೂ ಕೊನೆಗೆ ಆಗುತ್ತಿದ್ದದ್ದು ಒಂದೇ: ಯಾರಾದರೂ ಓಡಿ ಬಂದು ತಟ್ಟೆ ಎತ್ತಿ ಒಳಗಿಡುತ್ತಿದ್ದರು. ಅದು ಪ್ರೀತಿಯಿಂದಲೇ. ಆದರೆ ಅವನಿಗೆ 'ಇದು ನನಗೆ ಬೇಡ' ಅಂತ ಹೇಳೋಕೆ ಇದ್ದ ದಾರಿ ಅದೊಂದೇ. ಅವನು ಹಣೆಯಲ್ಲಿ ಮಾತಾಡುತ್ತಿದ್ದ.

ಬ್ರಯಾನ್ ಇವಾಟಾ ಮತ್ತು ಜೊತೆಗಾರರು ಬಾಲ್ಟಿಮೋರಿನಲ್ಲಿ ಇದನ್ನೇ 1982ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ತಮಗೆ ತಾವೇ ಪೆಟ್ಟು ಮಾಡಿಕೊಳ್ಳುವ ಒಂಬತ್ತು ಮಂದಿಯನ್ನು ಬೇರೆಬೇರೆ ಸಂದರ್ಭದಲ್ಲಿ ಇಟ್ಟು ನೋಡಿದರು. ನೋಡೋಕೆ ಒಂದೇ ಥರ ಇದ್ದ ವರ್ತನೆಗೆ ಎಲ್ಲರಲ್ಲೂ ಒಂದೇ ಕಾರಣ ಇರಲಿಲ್ಲ. ಒಬ್ಬರಿಗೆ ಕೆಲಸ ತಪ್ಪಿಸಿಕೊಳ್ಳೋಕೆ, ಇನ್ನೊಬ್ಬರಿಗೆ ಯಾರಾದರೂ ಹತ್ತಿರ ಬರಲಿ ಅಂತ, ಮತ್ತೊಬ್ಬರಿಗೆ ಹೊರಗಿನವರ ಸಂಬಂಧವೇ ಇಲ್ಲ. ಅಂದರೆ 'ತಲೆ ಚಚ್ಚಿಕೊಳ್ಳೋದಕ್ಕೆ ಏನು ಮಾಡಬೇಕು ಮೇಡಮ್' ಅಂತ ಫೋನಲ್ಲಿ ಕೇಳುವವರಿಗೆ ಉತ್ತರ ಇಲ್ಲ. ನೋಡಲೇಬೇಕು.

ಹುಡುಗನಿಗೆ ಒಂದು ಕಾರ್ಡು ಮಾಡಿಕೊಟ್ಟೆವು. ಅಡ್ಡ ಹಿಡಿದ ಅಂಗೈಯ ಚಿತ್ರ, ಕೆಳಗೆ 'ಬೇಡ' ಅಂತ ಬರಹ. ಕಾರ್ಡು ಕೈಗೆ ಕೊಟ್ಟರೆ ಆ ಕ್ಷಣವೇ ತಟ್ಟೆ ಎತ್ತಬೇಕು. ಇನ್ನೊಂದು ತುತ್ತು ತಿನ್ನು ಕಂದಾ ಅನ್ನೋ ಹಾಗಿಲ್ಲ. ಬದಲಿಗೆ ಚಪಾತಿ ಇರಬೇಕು, ಹಸಿವಿನಲ್ಲಿ ಇಡಬಾರದು. ಮೊದಮೊದಲು ಅಮ್ಮ ಹಿಂದೆ ಕೂತು ಅವನ ಕೈಯನ್ನು ಕಾರ್ಡಿನ ಕಡೆ ಮೆಲ್ಲಗೆ ತೋರಿಸುತ್ತಿದ್ದರು. ನಾಲ್ಕನೇ ದಿನ ಅವನಿಗೆ ಹೊಳೆಯಿತು. ಹೊಳೆದದ್ದೇ ತಡ, ಸ್ನಾನ ಬೇಡ, ಚಡ್ಡಿ ಬೇಡ, ಟಿವಿ ಆರಿಸೋದು ಬೇಡ, ನಾನೂ ಬೇಡ. ಆ ದಿನ ನನ್ನ ಕೌಂಟರಿನಲ್ಲಿ 38 'ಬೇಡ'.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನಿಂತರು. "ಏನ್ ತಾಯೀ, ಇಷ್ಟೊಂದು ದುಡ್ಡು ಇಸ್ಕೊಂಡು ಮಗೀಗೆ ಬ್ಯಾಡ ಅನ್ನೋದು ಕಲಿಸ್ತೀಯಾ? ಅದು ಕಲಿಸ್ದೆ ಬರೋ ಇದ್ಯೆ ಅಲ್ವಾ?"

ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಅವರ ಮಾತಲ್ಲಿ ನಿಜ ಇತ್ತು. ಬೇರೆ ಮಕ್ಕಳಿಗೆ ಕಲಿಸದೇ ಬರುತ್ತದೆ. ಇವನಿಗೆ ಬರಲಿಲ್ಲ, ಅಷ್ಟೇ.

ಇಲ್ಲಿ ಕನ್ನಡದ ಬಗ್ಗೆ ಒಂದು ಮಾತು. ಬೇಕು, ಬೇಡ, ಸಾಕು. ಈ ಮೂರು ಮಾತು ನಮಗೆ ಸಿಕ್ಕ ಭಾಗ್ಯ. ಯಾರು ಯಾರಿಗೆ ಹೇಳಿದರೂ ರೂಪ ಬದಲಾಗುವುದಿಲ್ಲ. ಬಂದೆ, ಬಂದ, ಬಂದಳು ಅನ್ನೋ ಗೋಜಿಲ್ಲ. ಒಂದೊಂದೇ ಮಾತಿನಲ್ಲಿ ಪೂರ್ತಿ ವಾಕ್ಯ. ಮಾತು ಕಲಿಯೋಕೆ ಕಷ್ಟಪಡುವ ಮಗುವಿಗೆ ಇದಕ್ಕಿಂತ ಒಳ್ಳೆಯ ಹೊಸ್ತಿಲು ಇದೆಯಾ? ಆದರೂ ಎಷ್ಟೋ ಕಡೆ ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಅಂತ ಅಪ್ಪ ಅಮ್ಮಂದಿರಿಗೆ ಹೇಳಿ ಕಳಿಸುತ್ತಾರೆ. ಪರಿಣಾಮ ಏನು ಗೊತ್ತಾ? ಇಂಗ್ಲಿಷ್ ಬಾರದ ಅಜ್ಜಿ ಮೊಮ್ಮಗನ ಹತ್ತಿರ ಮಾತು ನಿಲ್ಲಿಸಿಬಿಡುತ್ತಾರೆ. ಮಗುವಿನ ಜೊತೆ ದಿನವಿಡೀ ಇರುವವರು ಅವರೇ! ಚಿತ್ರದ ಕಾರ್ಡುಗಳದ್ದೂ ಇದೇ ಕಥೆ. ನಾನು ಮೊದಲು ಕೊಂಡ ಕಟ್ಟಿನಲ್ಲಿ ಇಗ್ಲೂ ಇತ್ತು, ಹಿಮದ ಮೇಲೆ ಜಾರುವ ಗಾಡಿ ಇತ್ತು, ಚೊಂಬು ಇರಲಿಲ್ಲ. ಈಗ ಆ ಮನೆಯ ಚೊಂಬು, ಆ ಮನೆಯ ಮಣೆ, ಆ ಬೀದಿಯ ಆಟೋ, ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ಪ್ರಿಂಟ್ ಹಾಕಿಸುತ್ತೇನೆ.

ಆರನೇ ವಾರಕ್ಕೆ ಊಟದ ಹೊತ್ತಿನ ಚಚ್ಚುವಿಕೆ ಎರಡಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ. ಜ್ವರ ಬಂದಾಗ, ಮನೆಗೆ ನೆಂಟರು ಬಂದಾಗ ಮತ್ತೆ ಏರುತ್ತಿತ್ತು. ಆ ವಾರದ ಒಂದು ಮಧ್ಯಾಹ್ನ ಕಾರ್ಡು ಟೇಬಲಿನಿಂದ ಕೆಳಗೆ ಬಿದ್ದಿತ್ತು. ಹುಡುಗ ಅದನ್ನು ಹುಡುಕಿದ, ಸಿಗಲಿಲ್ಲ. ಅಮ್ಮನ ಮುಖ ನೋಡಿ 'ಏಡ' ಅಂದ. ಬ ಇಲ್ಲ. ಅಮ್ಮ ತಟ್ಟೆ ಎತ್ತೋದನ್ನೇ ಮರೆತು ನಿಂತರು. ನಾನು ಮೆಲ್ಲಗೆ "ಎತ್ತಿ, ಎತ್ತಿ" ಅಂದೆ. ಎತ್ತಿದ ಮೇಲೆ ಅವರು ಒಳಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದರು. ಅಳೋದು ಕೇಳಬಾರದು ಅಂತ.

ಎಲ್ಲ ಮಕ್ಕಳಿಗೂ ಹೀಗೆ ಮಾತು ಬರುವುದಿಲ್ಲ. ಬರುತ್ತದೆ ಅಂತ ಮಾತು ಕೊಡುವವರನ್ನು ಕಂಡರೆ ದೂರ ಇರಿ.

ಈಗ ಹೇಳೋಕೆ ಮುಜುಗರ ಆಗುವ ಭಾಗ. ಈ ಹುಡುಗನಿಗಿಂತ ಮುಂಚೆ, ನಾನು ಹೊಸಬಳಾಗಿದ್ದಾಗ, ಒಂದು ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿ ಗೋಡೆ ಮೇಲೆ ಗುರಿಗಳ ಪಟ್ಟಿ: ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಕೈ ಟೇಬಲ್ ಮೇಲೆ ಇರಬೇಕು, ಸದ್ದು ಮಾಡಬಾರದು. ನನ್ನ ಪಾಲಿಗೆ ಬಂದ ಹುಡುಗ ಕೈ ಪಟಪಟ ಅಲ್ಲಾಡಿಸುತ್ತಾ ಒಂದು ರಾಗ ಗುನುಗುತ್ತಿದ್ದ. ಮೂರು ತಿಂಗಳಲ್ಲಿ ಅವನನ್ನು 20 ನಿಮಿಷ ಕೈ ಕಟ್ಟಿ ಕೂರುವ ಹಾಗೆ ಮಾಡಿದೆ. ಗ್ರಾಫು ಎಷ್ಟು ಚಂದ ಬಂದಿತ್ತು ಅಂದರೆ ಅದನ್ನು ಹೊಸಬರಿಗೆ ತೋರಿಸೋಕೆ ಇಟ್ಟುಕೊಂಡರು. ಅವನ ಅಮ್ಮ ಒಂದು ದಿನ ಬಂದು ಕೇಳಿದರು, "ಮೇಡಮ್, ಈಗ ಅವನು ಮನೆಯಲ್ಲೂ ಗುನುಗೋದಿಲ್ಲ. ಅದನ್ನ ವಾಪಸ್ ತರೋಕಾಗುತ್ತಾ?"

ಆಗಲಿಲ್ಲ. ಆ ಮನೆಯವರು ಸ್ವಲ್ಪ ದಿನಕ್ಕೆ ಬರೋದು ಬಿಟ್ಟರು.

ಆಗ್ಡನ್ ಲಿಂಡ್ಸ್ಲಿ ಅನ್ನುವವರು ನಮ್ಮವರಿಗೆ 1960ರ ದಶಕದಲ್ಲೇ ಒಂದು ಪರೀಕ್ಷೆ ಕೊಟ್ಟಿದ್ದರು. ಅದರ ಹೆಸರು ಹೆಣದ ಪರೀಕ್ಷೆ. ನೀವು ಇಟ್ಟುಕೊಂಡ ಗುರಿಯನ್ನು ಒಂದು ಹೆಣ ಮಾಡಿ ತೋರಿಸಬಲ್ಲದಾದರೆ ಅದು ವರ್ತನೆಯೇ ಅಲ್ಲ, ಕಲಿಸೋಕೆ ಹೋಗಬೇಡಿ. ಸುಮ್ನೆ ಕೂರುವುದು, ಸದ್ದು ಮಾಡದಿರುವುದು, ಕೈ ಅಲ್ಲಾಡಿಸದಿರುವುದು. ಇವೆಲ್ಲದರಲ್ಲೂ ಹೆಣ ನೂರಕ್ಕೆ ನೂರು ತೆಗೆದುಕೊಳ್ಳುತ್ತದೆ. ನಾನು ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು. ಕೆಲಸದಲ್ಲಿ ನೆನಪಾಗಲಿಲ್ಲ.

ಇದು ನನ್ನೊಬ್ಬಳ ತಪ್ಪು ಅಂತ ಹೇಳಿ ಜಾರಿಕೊಳ್ಳುವ ಹಾಗಿಲ್ಲ, ನಮ್ಮ ವಿದ್ಯೆಯ ಚರಿತ್ರೆಯಲ್ಲೇ ಇದು ಇದೆ. ಲಾಸ್ ಏಂಜಲೀಸಿನ ಈವಾರ್ ಲೋವಾಸ್ 1987ರಲ್ಲಿ ಅಚ್ಚು ಮಾಡಿದ ಅಧ್ಯಯನ ಎಲ್ಲರಿಗೂ ಗೊತ್ತು. ವಾರಕ್ಕೆ 40 ಗಂಟೆ ಕಲಿಸಿದ, ಆಟಿಸಂ ಇದ್ದ 19 ಮಕ್ಕಳಲ್ಲಿ 9 ಮಂದಿ ಬೇರೆ ಮಕ್ಕಳ ಹಾಗೇ ಶಾಲೆಗೆ ಹೋದರು ಅಂತ. ಅದರಿಂದ ಸಾವಿರಾರು ಮನೆಗಳಿಗೆ ಆಸೆ ಹುಟ್ಟಿತು. ಆದರೆ ಅದೇ ಕೆಲಸದಲ್ಲಿ ಜೋರಾಗಿ ಗದರುವುದು, ತೊಡೆಗೆ ಹೊಡೆಯುವುದೂ ಸೇರಿತ್ತು. ಅದಕ್ಕೂ ಮುಂಚೆ ವಿದ್ಯುತ್ ಶಾಕ್ ಕೂಡ ಬಳಸಿದ್ದರು. ಅಮೆರಿಕದ ಮಸಾಚುಸೆಟ್ಸ್‌ನ ಒಂದು ಸಂಸ್ಥೆ ಶಾಕ್ ಕೊಡುವುದನ್ನು ದಶಕಗಳ ಕಾಲ ನಡೆಸಿಕೊಂಡು ಬಂತು. ನಮ್ಮ ಅಂತರರಾಷ್ಟ್ರೀಯ ಸಂಘ ಅದನ್ನು ಖಡಾಖಂಡಿತವಾಗಿ ವಿರೋಧಿಸಿ ಹೇಳಿಕೆ ಕೊಟ್ಟದ್ದು ಯಾವಾಗ ಅಂದುಕೊಂಡಿರಿ? 2022ರಲ್ಲಿ. ಅಷ್ಟು ಹೊತ್ತಿಗೆ ಈ ಥೆರಪಿಯಲ್ಲಿ ಬೆಳೆದ ಆಟಿಸಂ ಇರುವ ದೊಡ್ಡವರು ತಾವೇ ಬರೆಯತೊಡಗಿದ್ದರು. ನಮಗೆ ಬೇಡ ಅನ್ನೋಕೆ ಬಿಡಲಿಲ್ಲ, ಬೇರೆಯವರ ಥರ ನಟಿಸೋದನ್ನು ಕಲಿಸಿದಿರಿ ಅಂತ. ನಮ್ಮವರಲ್ಲಿ ಹಲವರಿಗೆ ಸಿಟ್ಟು ಬಂತು. ನನಗೆ ಆ ಗುನುಗುವ ಹುಡುಗ ನೆನಪಾದ.

ಇನ್ನು ಹೊಟ್ಟೆಪಾಡಿನ ವಿಷಯ. ನೀವು ಬಂದಿರೋದೇ ಇದಕ್ಕೆ, ಗೊತ್ತು.

1998ರಲ್ಲಿ ಅಮೆರಿಕದಲ್ಲಿ ಬಿಹೇವಿಯರ್ ಅನಾಲಿಸ್ಟ್ ಸರ್ಟಿಫಿಕೇಷನ್ ಬೋರ್ಡ್ ಅನ್ನೋದು ಶುರುವಾಯಿತು. ಅದರ ಸರ್ಟಿಫಿಕೇಟಿಗೆ ಸ್ನಾತಕೋತ್ತರ ಪದವಿ ಬೇಕು, ಅದಕ್ಕೇ ಅಂತ ಇರುವ ಕೋರ್ಸು ಮುಗಿಸಬೇಕು, ಅನುಭವಿಯ ಕೈಕೆಳಗೆ 2,000 ಗಂಟೆ ಕೆಲಸ ಮಾಡಬೇಕು, ಆಮೇಲೆ ಪರೀಕ್ಷೆ. ಭಾರತದಿಂದಲೂ ಬರೆಯಬಹುದಿತ್ತು. 2023ರ ಜನವರಿಯಿಂದ ಆ ಬೋರ್ಡು ಬಾಗಿಲು ಮುಚ್ಚಿ ಅಮೆರಿಕ, ಕೆನಡಾದಂಥ ಬೆರಳೆಣಿಕೆಯ ದೇಶದವರನ್ನು ಮಾತ್ರ ಉಳಿಸಿಕೊಂಡಿತು. ನನ್ನ ಜೊತೆಗಾರ್ತಿಯೊಬ್ಬಳು ಎಕ್ಸೆಲ್ ಶೀಟಿನಲ್ಲಿ 1,100 ಗಂಟೆ ತುಂಬಿಸಿ ಇಟ್ಟಿದ್ದಳು. ಆ ಶೀಟು ಈಗಲೂ ಅವಳ ಲ್ಯಾಪ್‌ಟಾಪಿನಲ್ಲಿದೆ. ಬೇರೆ ಅಂತರರಾಷ್ಟ್ರೀಯ ಸಂಸ್ಥೆಗಳು ಸರ್ಟಿಫಿಕೇಟು ಕೊಡುತ್ತವೆ. ಐಬಿಎಒ ಇದೆ, ಕ್ವಾಬಾ ಇದೆ. ಫೀಸು ಡಾಲರಿನಲ್ಲಿ.

ನಮ್ಮ ದೇಶದ ಮಟ್ಟಿಗೆ, 1992ರ ಕಾಯ್ದೆಯಂತೆ ನಡೆಯುವ ಭಾರತೀಯ ಪುನರ್ವಸತಿ ಪರಿಷತ್ತು ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟ್ ಮುಂತಾದವರನ್ನು ನೋಂದಾಯಿಸುತ್ತದೆ. ಅಲ್ಲಿ ನಮಗೆ ಬೇರೆ ಕಾಲಂ ಇಲ್ಲ. 2021ರಲ್ಲಿ ಆರೋಗ್ಯ ಸಂಬಂಧಿ ವೃತ್ತಿಗಳಿಗೆ ಬಂದ ಹೊಸ ಕಾಯ್ದೆಯ ಪಟ್ಟಿಯಲ್ಲಿ 'ಬಿಹೇವಿಯರಲ್ ಅನಾಲಿಸ್ಟ್' ಅನ್ನೋ ಹೆಸರು ಸೇರಿದೆ. ಆ ಪುಟವನ್ನು ಪ್ರಿಂಟ್ ತೆಗೆಸಿ ನನ್ನ ಬೀರುವಿನ ಬಾಗಿಲಿಗೆ ಅಂಟಿಸಿಕೊಂಡಿದ್ದೇನೆ. ನಗಬೇಡಿ. ಮದುವೆ ಮನೆಗಳಲ್ಲಿ ಏನು ಕೆಲಸ ಅಂತ ಹನ್ನೆರಡು ವರ್ಷ ವಿವರಿಸಿ ಸುಸ್ತಾದವಳಿಗೆ ಅದು ಸಣ್ಣ ವಿಷಯ ಅಲ್ಲ.

ಹೀಗಿರುವುದರಿಂದ ಎರಡು ವಾರದ ಆನ್‌ಲೈನ್ ಕೋರ್ಸು ಮಾಡಿದವರೂ ಬೋರ್ಡು ಹಾಕಿಕೊಂಡಿದ್ದಾರೆ. ನೀವು ಕೆಲಸಕ್ಕೆ ಸೇರುವಾಗ ಸಂಬಳಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ: ನನ್ನ ಸೆಷನ್ ನೋಡಿ ತಪ್ಪು ಹೇಳುವವರು ಯಾರು, ವಾರಕ್ಕೆ ಎಷ್ಟು ಹೊತ್ತು? ಉತ್ತರ ತಡವರಿಸಿದರೆ ಎದ್ದು ಬನ್ನಿ. ಓದಿನ ವಿಷಯದಲ್ಲಿ ನನ್ನ ಸಲಹೆ ಹಳೇ ಕಾಲದ್ದು. ಪುನರ್ವಸತಿ ಪರಿಷತ್ತು ಒಪ್ಪುವ ಒಂದು ಪದವಿ ಕೈಯಲ್ಲಿರಲಿ, ಕ್ಲಿನಿಕಲ್ ಸೈಕಾಲಜಿಯೋ ವಿಶೇಷ ಶಿಕ್ಷಣದ ಬಿಎಡ್ಡೋ. ಎಬಿಎ, ಅಂದರೆ ನಮ್ಮ ಈ ಅನ್ವಯಿಕ ವರ್ತನಾ ವಿಶ್ಲೇಷಣೆ, ಅದರ ಮೇಲೆ ಬರಲಿ.

ಸಂಬಳ ಶುರುವಿನಲ್ಲಿ ಕಡಿಮೆ. ನಾನು 14,000ಕ್ಕೆ ಸೇರಿದವಳು, ಅದರಲ್ಲಿ ಪಿಜಿ ಬಾಡಿಗೆ, ಬಸ್ಸು. ತೋಳಿನ ಮೇಲೆ ಕಚ್ಚಿದ ಗುರುತು, ಕೂದಲು ಕಿತ್ತ ನೋವು ಎಲ್ಲ ಇರುತ್ತದೆ. ಜಡೆ ಬಿಟ್ಟು ಕೆಲಸಕ್ಕೆ ಹೋಗಬೇಡಿ, ತುರುಬು ಕಟ್ಟಿ. ಅದಕ್ಕಿಂತ ಹೆಚ್ಚು ಸುಸ್ತು ಮಾಡುವುದು ಮನೆಯವರ ಕಾತರ. ಮಗು ಶಾಲೆಗೆ ಸೇರುವಷ್ಟು ಯಾವಾಗ ಆಗುತ್ತದೆ ಅಂತ ಪ್ರತಿ ಸೆಷನ್ ಆದ ಮೇಲೆ ಗೇಟಿನ ತನಕ ಬಂದು ಕೇಳುವ ಅಪ್ಪನಿಗೆ ಏನು ಹೇಳುತ್ತೀರಿ? ಎಣಿಸುವ ಯಂತ್ರ ಅದಕ್ಕೆ ಸಹಾಯಕ್ಕೆ ಬರುವುದಿಲ್ಲ. ಎರಡು ವರ್ಷಕ್ಕೇ ಬಿಟ್ಟು ಐಟಿ ಕಂಪನಿಯ ಎಚ್‌ಆರ್‌ಗೆ ಸೇರಿದವರು ನನ್ನ ಬ್ಯಾಚಿನಲ್ಲಿ ಮೂವರು. ಅವರನ್ನು ದೂರುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಇದರಲ್ಲಿ ಆಟಿಸಂ ಮಕ್ಕಳ ಕೆಲಸ ಬಿಟ್ಟರೆ ಬೇರೆ ಇಲ್ಲವಾ? ಇದೆ. ಕಾರ್ಖಾನೆಯಲ್ಲಿ ಕೆಲಸಗಾರರು ಹೆಲ್ಮೆಟ್ ಹಾಕುವ ಹಾಗೆ ಮಾಡುವುದರಿಂದ ಹಿಡಿದು ನಾಯಿ ತರಬೇತಿಯ ತನಕ. ನನಗೆ ಇಷ್ಟವಾದದ್ದು ಟಾಂಜಾನಿಯಾದ ಇಲಿಗಳು. ಅಪೋಪೊ ಅನ್ನುವ ಸಂಸ್ಥೆ ದೊಡ್ಡ ಜಾತಿಯ ಇಲಿಗಳಿಗೆ ಕ್ಲಿಕ್ ಶಬ್ದ ಮತ್ತು ತಿಂಡಿ ಕೊಟ್ಟು ನೆಲಬಾಂಬಿನ ವಾಸನೆ ಹಿಡಿಯೋದನ್ನು ಕಲಿಸುತ್ತದೆ. ಅದರಲ್ಲಿ ಮಗಾವಾ ಅನ್ನೋ ಇಲಿ ಕಾಂಬೋಡಿಯಾದಲ್ಲಿ 71 ನೆಲಬಾಂಬು ಪತ್ತೆ ಮಾಡಿತು, 2020ರಲ್ಲಿ ಚಿನ್ನದ ಪದಕವೂ ಬಂತು. ಸ್ಕಿನ್ನರ್ ಪೆಟ್ಟಿಗೆಯ ಇಲಿ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ತಿಪಟೂರಿನ ಅಜ್ಜಿಯ ಮೊಮ್ಮಗ ಏನಾದ ಅಂತಲೂ ಕೇಳಿದರು.

ಅವನಿಗೆ ಎಂಟು ತುಂಬಿದಾಗ ಅವನ ಚಿಕ್ಕಮ್ಮನ ಮದುವೆ ಬಂತು. ಅಷ್ಟು ವರ್ಷ ಆ ಮನೆಯವರು ಯಾವ ಮದುವೆಗೂ ಎಲ್ಲರೂ ಒಟ್ಟಿಗೆ ಹೋಗಿರಲಿಲ್ಲ. ಅವನಿಗೆ ಅಷ್ಟು ಹೊತ್ತಿಗೆ 'ಸಾಕು' ಅನ್ನೋದು ಚೆನ್ನಾಗಿ ಬರುತ್ತಿತ್ತು. ಪಂಕ್ತಿಯಲ್ಲಿ ಕೂತು ಊಟ ಮಾಡಲಿ ಅಂತ ಅಮ್ಮನ ಆಸೆ. ನಾನು ಹೂಂ ಅಂದೆ. ರಾತ್ರಿ ಮಲಗಿದಾಗ ಥಟ್ಟನೆ ಹೊಳೆಯಿತು: ನಮ್ಮ ಮದುವೆ ಮನೆಗಳಲ್ಲಿ 'ಸಾಕು' ಅಂದರೆ ಯಾರು ಕೇಳುತ್ತಾರೆ? ಸಾಕು ಅಂದಷ್ಟೂ ಇನ್ನೊಂದು ಸೌಟು ಸುರಿಯುತ್ತಾರೆ. ಅದು ಉಪಚಾರ. ಎರಡು ವರ್ಷ ಪಟ್ಟು ಹಿಡಿದು ಕಲಿಸಿದ ಮಾತು, ಅದಕ್ಕೆ ಬೆಲೆಯೇ ಇಲ್ಲದ ಜಾಗಕ್ಕೆ ಮಗುವನ್ನು ಕಳಿಸುತ್ತಿದ್ದೆ. ಸಾಕು ಅಂದ ಮೇಲೂ ಪಾಯಸ ಬಿದ್ದರೆ ಅವನ ಹಣೆ ಹುಡುಕೋದು ಹತ್ತಿರದ ಗೋಡೆಯನ್ನೇ.

ಮಾರನೇ ದಿನ ಅಜ್ಜಿಯನ್ನೇ ಕೇಳಿದೆ. ಪಂಕ್ತಿಯಲ್ಲಿ ನಿಜವಾಗಿ ನಿಲ್ಲಿಸಬೇಕು ಅಂದರೆ ಏನು ಮಾಡಬೇಕಮ್ಮಾ ಅಂತ.

"ಬಾಯಲ್ಲಿ ಯೋಳುದ್ರೆ ಯಾರು ಬುಡ್ತಾರೆ ತಾಯೀ? ಎಲೆ ಮ್ಯಾಲೆ ಕೈ ಅಡ್ಡ ಇಡ್ಬೇಕು" ಅಂದರು.

ಹಿತ್ತಲ ಬಾಳೆಯಿಂದ ಎಲೆ ಕೊಯ್ದು ತಂದರು. ಹತ್ತು ದಿನ ಆ ಮನೆಯ ಹಾಲಿನಲ್ಲಿ ಪಂಕ್ತಿ ನಡೆಯಿತು. ಅಜ್ಜಿ ಬಡಿಸುವವರು, ಅಪ್ಪ ಬಡಿಸುವವರು, ಒಂದು ದಿನ ಪಕ್ಕದ ಮನೆ ಅಂಕಲ್ ಬಕೆಟ್ ಹಿಡಿದು ಬಂದರು. ಎಲ್ಲರಿಗೂ ಒಂದೇ ನಿಯಮ: ಕೈ ಅಡ್ಡ ಬಂದರೆ ಸೌಟು ನಿಲ್ಲಬೇಕು. ನಾನು ಮೂಲೆಯಲ್ಲಿ ಕೌಂಟರ್ ಒತ್ತುತ್ತಾ ಕೂತಿದ್ದೆ.

ಮದುವೆಗೆ ನಾನು ಹೋಗಲಿಲ್ಲ. ಅಮ್ಮ ಒಂದು ವಿಡಿಯೋ ಕಳಿಸಿದರು, 40 ಸೆಕೆಂಡಿನದು. ಛತ್ರದ ಗಲಾಟೆಯಲ್ಲಿ ಏನೂ ಕೇಳಿಸುವುದಿಲ್ಲ. ಹುಡುಗ ಹೆಡ್‌ಫೋನ್ ಹಾಕಿಕೊಂಡು ಅಪ್ಪ ಅಮ್ಮನ ನಡುವೆ ಕೂತಿದ್ದಾನೆ. ಎಲೆಯಲ್ಲಿ ಬರೀ ಚಪಾತಿ, ಹೋಳಿಗೆ. ಸಾರಿನ ಬಕೆಟ್ ಬರುತ್ತದೆ. ಅವನು ಎರಡೂ ಕೈಯನ್ನು ಎಲೆಯ ಮೇಲೆ ಹರಡಿ ಇಡುತ್ತಾನೆ, ಎಲೆ ಕಾಣದ ಹಾಗೆ. ಬಡಿಸುವ ಹುಡುಗ ಒಂದು ಕ್ಷಣ ನೋಡಿ ಮುಂದಕ್ಕೆ ಹೋಗುತ್ತಾನೆ. ಅವನ ಹಿಂದೆಯೇ ಅನ್ನದವರು ಬರುತ್ತಾರೆ. ಕೈ ಇನ್ನೂ ಅಲ್ಲೇ ಇದೆ.